ಒಂದರಲ್ಲೂ ಅಪ್ಪನ ಮುಖವಿಲ್ಲ

ನನ್ನ ಅಪ್ಪಾ,

ಗಿರಾಕಿಯ ಮುಂದೆ ಸೀರೆ ಬಿಚ್ಚಿ ಹಾಸುತ್ತ ನೀನು ಹೇಳುತ್ತಿದ್ದೆ: "ಎದ್ದು ಕಾಣೂದು ಒಂದ ಇರ್ಲಿ, ಪೋರಿ. ಉಳದದ್ದು ಸುಮ್ಮ ಕೂಡ್ಲಿ. ಸುತ್ತ ಜಾಗಾ ಬಿಡು." ಉಮರ್ಗಾ ಪೇಟೆಯ ನಮ್ಮ ಅರಿವೆ ಅಂಗಡಿಯಲ್ಲಿ ನಾನು ಮೊಬೈಲಿನಲ್ಲಿ ಫೋಟೋ ತೆಗೆಯಲು ಕಲಿತದ್ದು ಇದರಿಂದಲೇ. ಅಂಚಿನ ಗೆರೆ ಕಣ್ಣನ್ನು ಎತ್ತ ಒಯ್ಯುತ್ತದೆ, ಬಾಗಿಲ ಬಿಸಿಲು ರೇಷ್ಮೆಯ ಮೇಲೆ ಹೇಗೆ ಬೀಳುತ್ತದೆ, ಬಿಳಿ ಅರಿವೆಯ ಮಡಿಕೆಗಳ ಸಾಲಿನಲ್ಲಿ ಒಂದೇ ಒಂದು ಕೆಂಪು ಇದ್ದರೆ... ಯಾವ ಕ್ಲಾಸಿಗೂ ನಾನು ಹೋಗಲಿಲ್ಲ.

ಒಮ್ಮೆ ನೀನು ಕೇಳಿಯೇಬಿಟ್ಟೆ: "ಯಾವಾಗ ನೋಡಿದ್ರೂ ನನ್ನ ಕೈದ ಫೋಟೋ ತಗೀತಿ. ನನ್ನ ಮಾರಿ ಏನ್ ಪಾಪಾ ಮಾಡ್ಯಾದ?" ಮುಖ ಎಲ್ಲರೂ ತೆಗೆಯುತ್ತಾರೆ, ಇದು ಕಲೆ ಅಂತ ನಿನಗೇ ಪಾಠ ಹೇಳಿದೆ. ನನ್ನ ಸೊಕ್ಕಿಗೆ ಏನನ್ನಲಿ?

ನೀನು ಲಿಂಗೈಕ್ಯನಾದ ವಾರಕ್ಕೆ ಅವ್ವ ಗೋಡೆಗೆ ಹಾಕಲು ಫೋಟೋ ಕೇಳಿದಳು. ಹುಡುಕಿದೆ, ಹುಡುಕಿದೆ. ನಿನ್ನ ಬೆನ್ನು, ನೆರಳು, ಕತ್ತರಿ ಹಿಡಿದ ಬೆರಳು. ಹಾಸಿದ ಸೀರೆಯ ಹಿಂದೆ ಮರೆಯಾದ ತಲೆ. ಒಂದರಲ್ಲೂ ಮುಖವಿಲ್ಲ! ನಾಚಿಕೆಯಿಂದ ಸತ್ತೇಹೋದೆ, ಅಪ್ಪಾ. ನಿಲಂಗಾದ ಕಾಕಾ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ತಂದ. ಅವ್ವ ಅದನ್ನು ತಿರುವಿಟ್ಟಳು. "ಇವ್ರು ಯಾರ್ ಅದಾರ? ನನಗ ಗುರ್ತ ಸಿಗವಲ್ದು."

ಮರುದಿನ ಅವ್ವ ನನ್ನ ಮೊಬೈಲ್ ಇಸಿದುಕೊಂಡು ಒಂದೊಂದೇ ಫೋಟೋ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಹಸಿರು ಸೀರೆ, ಓರೆಯಾಗಿ ಸಾಗಿದ ಅಂಚು, ಅದರ ತುದಿಯಲ್ಲಿ ಬಿಸಿಲು ಬಿದ್ದ ನಿನ್ನ ಎಡಗೈ. ಸುತ್ತ ಏನೂ ಇಲ್ಲ. "ಇಲ್ಲಿ ಅದಾರ ನೋಡ," ಅಂದು ಅತ್ತಳು. ಅದಕ್ಕೇ ಚೌಕಟ್ಟು ಹಾಕಿಸಿದೆವು.

ಕಾಕಾ ಸುಮ್ಮನಿರುತ್ತಾನೆಯೇ? ಹಿರಿಯರ ಫೋಟೋದ ಹಣೆಗೆ ದಿನಾ ವಿಭೂತಿ ಹಚ್ಚುವ ಮನೆ ನಮ್ಮದು. "ವೈನಿ, ಇದಕ್ಕ ಹಣೀನೇ ಇಲ್ಲ. ವಿಭೂತಿ ಎಲ್ಲಿ ಹಚ್ಚತೀರಿ?" ಅಂದ. ಅವ್ವ ಮೂರು ಬೆರಳು ಅದ್ದಿ ನಿನ್ನ ಮುಂಗೈ ಮೇಲೆ ಎಳೆದಳು. "ದಿನಾ ಲಿಂಗಾ ಹಿಡದ ಕೈ ಇದು. ಹಣಿಗಿಂತ ಏನ್ ಕಮ್ಮಿ ಅದ?" ಕಾಕಾ ಕೈಮುಗಿದ.

ಆದರೂ ನನ್ನ ತಪ್ಪು ತಪ್ಪೇ. ನಿನ್ನೆ ಅವ್ವ ಹೊಸ ಸೀರೆ ಉಟ್ಟು, ತಾನೇ ಬಾಗಿಲ ಬೆಳಕಿಗೆ ಬಂದು ಕೂತಳು. "ಮೊದಲ ಮಾರಿ ತಗಿ. ಆಮ್ಯಾಲ ನಿನ್ನ ಕಲಾ-ಗಿಲಾ ಏನರ ಮಾಡ್ಕೋ," ಅಂದಳು. ತೆಗೆದೆ, ಅಪ್ಪಾ. ನೀನು ಹೋದಮೇಲೆ ಮೊದಲ ಸಲ ನಕ್ಕಿದ್ದಾಳೆ.

ನಿನ್ನ ಪೋರಿ