ಕೊನೆಯ ಸಾಲಿನ ಕೈ

ರವೀಂದ್ರನಗರ, ಶಿವಮೊಗ್ಗ
೧೧ ಜೂನ್ ೨೦೨೪

ಪ್ರಿಯ ಅಂಬ್ರೀನ್,
ಆಶೀರ್ವಾದಗಳು.

ಭಾಷಣ ಸ್ಪರ್ಧೆಗೆ ಮುನ್ನ ನೀನು ನಮ್ಮ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದು ನೆನಪಿರಬಹುದು. ನೀನು ಗೋಡೆಯ ಕಡೆ ತಿರುಗಿಕೊಂಡೇ ಮಾತನಾಡುತ್ತಿದ್ದೆ. ನಾನು ಉಚ್ಚಾರಣೆಯನ್ನು ತಿದ್ದುತ್ತಿದ್ದೆ. ಮನೆಯಾಕೆ ಜಗದಾಂಬಾ ಮಾತ್ರ ಮೊರ ಕೆಳಗಿಡದೆ, "ಎದುರಿಗೆ ಕೂತೋರೆಲ್ಲ ನನ್ ಹಾಗೇ ಅಕ್ಕಿ ಆರಿಸ್ತಿದ್ದಾರೆ ಅಂದ್ಕೋ ಮಾರಾಯ್ತಿ. ಕೇಳಿಸ್ಲಿಲ್ಲಾಂದ್ರೆ ಕೈ ಎತ್ತುತೀನಿ" ಎಂದಳು. ಸ್ಪರ್ಧೆಯ ದಿನವೂ ಕೊನೆಯ ಸಾಲಿನಲ್ಲಿ ಬಂದು ಕುಳಿತಿದ್ದಳು.

ಮೂವತ್ತು ವರ್ಷ ಮಕ್ಕಳಿಗೆ ಭಾಷಣ ಕಲಿಸಿದ ನಾನು ಒಮ್ಮೆಯೂ ಸಭೆಯೆದುರು ಮಾತನಾಡಿದವನಲ್ಲ. ನನ್ನ ಆ ಭಯವನ್ನು ಬಲ್ಲವಳು ಅವಳೊಬ್ಬಳೇ. ಕಳೆದ ವರ್ಷ ಅವಳ ನುಡಿನಮನದಲ್ಲಿ ಅವಳ ಹೆಸರನ್ನಷ್ಟೇ ಹೇಳಿ ಕುಳಿತುಬಿಟ್ಟೆ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿನ ಸಮುದಾಯ ಭವನದಲ್ಲಿ ಅವಳ ವರ್ಷದ ಸ್ಮರಣೆ. ಈ ಬಾರಿ ಮಾತನಾಡಲೇಬೇಕು. ನಿತ್ಯವೂ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ದನಿ ಕೇಳಿಸಿತೋ ಇಲ್ಲವೋ ಎಂದು ಹೇಳುವವರಿಲ್ಲ.

ಭದ್ರಾವತಿಯಿಂದ ಎಂಟೂವರೆಯ ಬಸ್ಸು ಹಿಡಿದರೆ ಸಾಕು. ಮುಂದೆ ಕುರ್ಚಿ ಕೊಟ್ಟರೂ ಕುಳಿತುಕೊಳ್ಳಬೇಡ, ಕೊನೆಯ ಸಾಲಿನಲ್ಲಿರು. ನನ್ನ ಮಾತು ಕೇಳಿಸದಿದ್ದರೆ ಕೈ ಎತ್ತು. ಕೇಳಿಸಿದರೂ ಒಮ್ಮೆ ಎತ್ತು.

ನಿನ್ನ ಮೇಷ್ಟ್ರು,
ವೀರಪ್ಪ