ದೂರು ಕೊಟ್ಟ ಹುಡುಗಿ ಯಾರೆಂದು ಬೀದಿಯಲ್ಲಿ ಕೇಳಿದವರಿಗೆ

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯರೇ,

ಗೆಳತಿಯ ಬಾಲ್ಯವಿವಾಹ ತಪ್ಪಿಸಿ ಎಂದು ಗುಟ್ಟಾಗಿ ಫೋನ್ ಮಾಡಿದ ನನ್ನ ಮಗಳ ಹೆಸರನ್ನು ನೀವು ನಮ್ಮೂರ ಬೀದಿಯಲ್ಲಿ ನಿಂತು ಕೂಗಿದಿರಿ. ಅವಳು ಕೋಮಲ, ಕಳೆದ ವರ್ಷ ಹತ್ತನೇ ತರಗತಿಯಲ್ಲಿದ್ದಳು. ಇಲ್ಲಿ ಹೆಸರು ಬರೆಯಲು ನನಗೆ ಅಂಜಿಕೆಯಿಲ್ಲ. ಬಚ್ಚಿಡಲು ನೀವು ಏನನ್ನೂ ಉಳಿಸಿಲ್ಲ. ಆ ಗೆಳತಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಎಚ್ಚರವನ್ನು ನಿಮ್ಮನ್ನು ನೋಡಿಯೇ ಕಲಿತೆ.

ಹನೂರು, ಯಳಂದೂರಿನ ಶಾಲೆಗಳ ಮಕ್ಕಳನ್ನೂ ಕೊಳ್ಳೇಗಾಲಕ್ಕೆ ಕರೆಸಿ ನೀವು ಹದಿಹರೆಯದವರ ಶಿಬಿರ ನಡೆಸಿದಿರಿ. ಅನ್ಯಾಯ ಕಂಡಾಗ ಬಾಯಿ ಬಿಡುವುದೇ ಸಕಾರಾತ್ಮಕ ಬೆಳವಣಿಗೆ, ಹೇಳಿದವರ ಹೆಸರು ಎಂದಿಗೂ ಹೊರಬೀಳುವುದಿಲ್ಲ ಎಂದು ಮೈಕಿನಲ್ಲಿ ಅಪ್ಪಣೆ ಕೊಡಿಸಿದಿರಿ. ಮಗಳು ಸಂಜೆ ಬಂದು ಅದನ್ನೆಲ್ಲ ನನಗೆ ಪಾಠದಂತೆ ಒಪ್ಪಿಸಿದಳು. ದೊಡ್ಡವರ ಮಾತನ್ನು ನಂಬುವ ಕೆಟ್ಟ ಚಾಳಿ ಅವಳಿಗಿತ್ತು. ಹದಿಹರೆಯದ ಸಮಸ್ಯಾತ್ಮಕ ವರ್ತನೆಗಳನ್ನು ವಿವರಿಸುವಾಗ ಇದೊಂದನ್ನು ನೀವೇಕೆ ಬಿಟ್ಟಿರಿ?

ದಸರಾ ರಜೆ ಮುಗಿದ ಮೇಲೆ ಗೆಳತಿ ನಮ್ಮ ಮನೆಗೆ ಬಂದಳು. ನಾನು ಮಿಷನ್ನಿನ ಮುಂದೆ ರವಿಕೆ ಹೊಲಿಯುತ್ತಿದ್ದೆ. "ನಮ್ಮಪ್ಪ ಗಂಡು ಗೊತ್ ಮಾಡ್ಬುಟ್ಟೈತೆ ಕಣೇ. ಪರೀಕ್ಷೆ ಮುಗುದ್ ಮ್ಯಾಲೆ ಮದ್ವೆಯಂತೆ" ಎಂದು ಅತ್ತಳು. ಅವಳು ಹೋದ ಮೇಲೆ ಕೋಮಲ ನಿಮ್ಮ ಹೆಲ್ಪ್‌ಲೈನಿಗೆ ಮಾಡಲು ನನ್ನ ಫೋನ್ ಕೇಳಿದಳು. ಬ್ಯಾಡ ಎನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಕೊಟ್ಟುಬಿಟ್ಟೆ.

ನೀವು ಜೀಪಿನಲ್ಲಿ ಬಂದಿರಿ. ಗೆಳತಿಯ ಅಪ್ಪ "ಇದೆಲ್ಲಾ ಸುಳ್ಳು ಸಾ" ಎಂದದ್ದೇ ತಡ, ನೀವು ಬೀದಿಗೆ ತಿರುಗಿ, "ದೂರು ಕೊಟ್ಟ ಕೋಮಲ ಅನ್ನೋ ಹುಡುಗಿ ಎಲ್ಲಿ? ಕರೀರಿ, ಇವರ ಎದುರಿಗೇ ಹೇಳಲಿ" ಎಂದಿರಿ. ನಲ್ಲಿಯ ಹತ್ತಿರ ಇದ್ದವರೆಲ್ಲ ಕೊಡ ಇಳಿಸಿ ನೋಡಿದರು. ಮಗಳು ಹೋಗಿ ನಿಂತಳು, ಹೇಳಿದಳು. ಗೆಳತಿಯ ಅಪ್ಪ ಅವಳನ್ನೇ ನೋಡುತ್ತಾ, "ನಮ್ ಮನೇಲಿ ಉಂಡ್ ಬೆಳ್ದ ಉಡ್ಗಿ ಸಾ ಇವ್ಳು" ಎಂದರು. ನೀವು ಮದುವೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, ಅವರದೇ ತೋಟದ ಎಳನೀರು ಕುಡಿದು ಹೊರಟಿರಿ. ಸಿಹಿಯಾಗಿತ್ತೇ?

ಅದೇ ವಾರ ರಾಜ್ಯದ ಗಡಿಯಾಚೆಯ ನೆಂಟರ ಊರಿನಲ್ಲಿ ಆ ಮಗುವಿಗೆ ತಾಳಿ ಬಿತ್ತು. ಫೋನ್ ಮಾಡಿ ತಿಳಿಸಿದರೆ, "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಎಂದಿರಿ. ನನ್ನ ಮಗಳ ಮಾನ ತೆಗೆಯುವುದು ಮಾತ್ರ ತಮ್ಮ ವ್ಯಾಪ್ತಿಗೆ ಸಲೀಸಾಗಿ ಬಂದಿತ್ತು.

ಊರವರು ನನಗೆ ರವಿಕೆ ಕೊಡುವುದನ್ನು ನಿಲ್ಲಿಸಿದರು. ಬಸ್ಸಿನಲ್ಲಿ ಹುಡುಗರು, "ಎಲ್ಪ್‌ಲೈನು ಬಂತು, ಜಾಗ ಬುಡ್ರಲಾ" ಎನ್ನತೊಡಗಿದರು. ಒಬ್ಬ ವೇಲ್ ಹಿಡಿದೆಳೆದಾಗ ಕೋಮಲ ಅವನ ಕಪಾಳಕ್ಕೆ ಬಾರಿಸಿದಳು. ಆಗ ನೀವು ಮರಳಿ ದಯಮಾಡಿಸಿದಿರಿ, ಅವಳಿಗೆ ಬುದ್ಧಿ ಹೇಳಲು. "ಹೆಣ್ಣುಮಗು ಇಷ್ಟು ಒರಟಾಗಬಾರದು" ಎಂದು ಅವಳನ್ನು ತಿದ್ದಿದಿರಿ. ಹುಡುಗನನ್ನು "ಆ ವಯಸ್ಸೇ ಹಾಗೆ" ಎಂದು ಮನೆಗೆ ಕಳಿಸಿದಿರಿ. ವಯಸ್ಸು ಗಂಡುಮಕ್ಕಳಿಗೆ ಮಾತ್ರ ಬರುತ್ತದೆಯೇ ಸ್ವಾಮಿ?

ಮೊನ್ನೆ ಗೆಳತಿ ಹೆರಿಗೆಗೆಂದು ತವರಿಗೆ ಬಂದಳು. ಕೋಮಲ ಹಿತ್ತಲಿನಿಂದ ಹೋಗಿ ಮಾತನಾಡಿಸಿದಳು. ಅವಳು ಬೈಯಲಿಲ್ಲವಂತೆ. "ನೀ ಫೋನ್ ಮಾಡ್ದೆ ಇದ್ದಿದ್ರೆ ಪರೀಕ್ಷೆನಾದ್ರೂ ಬರ್ದಿರ್ತಿದ್ದೆ ಕಣೇ" ಎಂದಳಂತೆ, ಅಷ್ಟೇ. ಅಂದು ನನ್ನ ಮಗಳು ಉಣ್ಣಲಿಲ್ಲ.

ಈಗ ತಮ್ಮ ಕಚೇರಿಯಿಂದ ಕರೆ ಬಂದಿದೆ: ಹೊಸ ಶಿಬಿರದಲ್ಲಿ ಕೋಮಲಳಿಗೆ 'ಧೀರ ಬಾಲಕಿ' ಎಂದು ಶಾಲು ಹೊದಿಸುತ್ತೀರಂತೆ, ಅವಳು ಎರಡು ಮಾತಾಡಬೇಕಂತೆ. ಹೋಗ್ತೀಯಾ ಎಂದು ಕೇಳಿದೆ.

"ಅಲ್ಲಿ ಕುಂತಿರೋ ಉಡ್ಗೀರ್ಗೆ ಏನಂತ ಏಳ್ಲಿ ಅವ್ವ? ಫೋನ್ ಮಾಡಿ ಅಂತ್ಲಾ, ಮಾಡ್ಬ್ಯಾಡಿ ಅಂತ್ಲಾ?"

ಆ ಪ್ರಶ್ನೆಯನ್ನೇ ತಮಗೆ ಕಳಿಸುತ್ತಿದ್ದೇನೆ. ಉತ್ತರ ಹೊಳೆಯುವುದೇ?

ಶಾಲು ನೀವೇ ಹೊದ್ದುಕೊಳ್ಳಿ. ತಾಳಿ ಕಟ್ಟಿದವನ ಮೇಲೂ ಕಟ್ಟಿಸಿದ ಹಿರಿಯರ ಮೇಲೂ ಮೊಕದ್ದಮೆ ಹೂಡಿ. ಬಾಣಂತನ ಮುಗಿದ ಮೇಲೆ ಆ ಹುಡುಗಿಯನ್ನು ಪರೀಕ್ಷೆಗೆ ಕೂರಿಸಿ. ಮಕ್ಕಳಿಗೆ ನಮ್ಮನ್ನು ನಂಬಿ ಎನ್ನುವ ಮೊದಲು, ನಂಬಿದ ಇಬ್ಬರಿಗೆ ಏನಾಯಿತೆಂದು ವೇದಿಕೆಯ ಮೇಲೆ ನಿಂತು ನೀವೇ ಹೇಳಿ. ನಾಲಿಗೆ ಹೊರಳದಿದ್ದರೆ ಶಿಬಿರ ನಿಲ್ಲಿಸಿ. ಮಕ್ಕಳು ಪಾಠವನ್ನಾದರೂ ಓದಿಕೊಳ್ಳಲಿ.

ಇಂತಿ,
ನಿಮ್ಮಿಂದ ಮಗಳನ್ನು ರಕ್ಷಿಸಿಕೊಳ್ಳಲಾಗದ ತಾಯಿ,
ಯಶೋದ
ಯಳಂದೂರು ತಾಲ್ಲೂಕು