ಒಂದೂವರೆ ಮೊಳದ ಲಾರಿ

ಮಂಡ್ಯ,
೧೨-೨-೧೯೭೪

ಆತಗೂರಿನಲ್ಲಿರುವ ಮಾತೃಶ್ರೀ ಅವ್ವನಿಗೆ ಮಗಳು ಯಶೋದ ಮಾಡುವ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಕೆಲವು ತಿಂಗಳಿಂದ ಈ ಸಾಲು ಬರೆಯುವಾಗ ನನ್ನ ಪೆನ್ನು ತಡವರಿಸುತ್ತಿತ್ತು. ಈ ಸಲ ಧಾರಾಳವಾಗಿ ಬರೆದಿದ್ದೇನೆ. ಅವ್ವಾ, ನಮ್ಮ ಲಾರಿ ಓಡಿತು! ಡ್ರೈವರಿಲ್ಲದೆ, ಹಗ್ಗವಿಲ್ಲದೆ, ಕಬ್ಬು ಹೇರಿಕೊಂಡು ಏರು ಹತ್ತಿ ಇಳಿಯಿತು! ಯಾವ ಲಾರಿ, ನಿಮಗೆಲ್ಲಿಯ ಲಾರಿ ಎಂದು ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಹೇಳುತ್ತೇನೆ, ಎಲ್ಲ ಹೇಳುತ್ತೇನೆ. ಇದನ್ನು ಅತ್ತಿಗೆ ಕೈಲಿ ಓದಿಸಬೇಡ, ನೀನೇ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿಕೊ. ಕವರಿನ ಮೇಲಿನ ವಿಳಾಸ ಯಾರ ಅಕ್ಷರವೆಂದು ತಲೆ ಕೆಡಿಸಿಕೊಂಡಿರುತ್ತೀಯ. ಅದು ಕೊನೆಯಲ್ಲಿದೆ, ಈಗಲೇ ಅಲ್ಲಿಗೆ ಹಾರಬೇಡ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಹೋದ ಕಾಗದದಲ್ಲಿ ನೀನು, "ಮೇಲಿಂದ ಮೇಲೆ ಕುಂಕುಮ ಕೇಳ್ತೀಯಲ್ಲ, ಅಣೆಗ್ ಇಕ್ಕತೀಯೋ, ಅನ್ನುಕ್ ಕಲಸ್ಕಂಡು ತಿಂತೀಯೋ?" ಎಂದು ಬರೆದಿದ್ದೆ. ಅದರ ಕೆಳಗೆ, "ಇಬ್ರೂ ನೆಟ್ಟಗಿದ್ದೀರಾ?" ಎಂದು ಕೇಳಿದ್ದೆ. ಎರಡನೆಯದನ್ನು ಕೇಳಲೆಂದೇ ಮೊದಲನೆಯದನ್ನು ಬರೆದೆ ಎಂದು ನನಗೆ ಗೊತ್ತಾಗುವುದಿಲ್ಲವೇ? ಕುಂಕುಮ ಮುಗಿಯಿತು ಎನ್ನಬಾರದೆಂದು ನೀನು ಕಲಿಸಿದ ಹಾಗೆ ‘ಹೆಚ್ಚಿದೆ’ ಎಂದೇ ಬರೆಯುತ್ತಿದ್ದೆ. ಆದರೂ ನಿನ್ನ ಎದೆ ಹೊಡೆದುಕೊಂಡಿರಬೇಕು. ಕುಂಕುಮವೆಲ್ಲ ಲಾರಿಗೆ ಹೋಯಿತು ಅವ್ವ.

ನಮ್ಮ ಎದುರು ಮನೆಯ ವರದರಾಜ ಮೇಷ್ಟ್ರು ನಿನಗೆ ನೆನಪಿರಬೇಕು. ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಮನೆ ತುಂಬ ರೇಡಿಯೊ ಬಿಚ್ಚಿ ಹರಡಿಕೊಂಡಿರುತ್ತಾರಲ್ಲ, ಅವರೇ. ಅವರಿಗೊಂದು ಹುಚ್ಚು. ಕೈಯಲ್ಲೊಂದು ಪೆಟ್ಟಿಗೆ ಹಿಡಿದು ದೂರದಲ್ಲಿ ನಿಂತು, ರೇಡಿಯೊ ಅಲೆಯಿಂದಲೇ ಒಂದು ಪುಟ್ಟ ಲಾರಿಯನ್ನು ಓಡಿಸಬೇಕು, ಬೇಕೆಂದ ಕಡೆಗೆ ತಿರುಗಿಸಬೇಕು, ಅದನ್ನು ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕು. ಪೆಟ್ಟಿಗೆ ಅವರದು, ಲಾರಿ ನಿನ್ನ ಅಳಿಯನದು ಎಂದು ಮಾತಾಗಿತ್ತು. ಆಟದ ಸಾಮಾನೆಂದು ಮೂಗು ಮುರಿಯಬೇಡ. ನಿಜವಾದ ಕಬ್ಬಿನ ಲಾರಿಯ ಅಳತೆಯನ್ನೆಲ್ಲ ಹಾಗೇ ಇಳಿಸಿ ಒಂದೂವರೆ ಮೊಳಕ್ಕೆ ತರಬೇಕು, ಕೆಳಗಿನ ಚಾಸಿ ಪೂರ್ತಿ ಉಕ್ಕಿನದೇ ಆಗಬೇಕು. ಇವರು ಕೆಂಪಯ್ಯನವರ ವರ್ಕ್‌ಶಾಪಿನಲ್ಲಿ ದಿನದ ಕೆಲಸ ಮುಗಿದ ಮೇಲೆ, ಯಜಮಾನರನ್ನು ಕೇಳಿಕೊಂಡೇ, ಚಕ್ರ, ಆಕ್ಸಲ್, ಹಲ್ಲುಚಕ್ರಗಳನ್ನೆಲ್ಲ ಲೇತಿನಲ್ಲಿ ಕಡೆದು ತಂದಿದ್ದರು. ಏಣಿ ಮಲಗಿಸಿದ ಹಾಗಿರುವ ಚಾಸಿಯೊಂದು ಬಾಕಿ ಇತ್ತು.

ಇಲ್ಲಿ ಸ್ವಲ್ಪ ಕೂತುಕೊ. ದೀಪಾವಳಿ ಕಳೆದ ಮೇಲೆ ಒಂದು ದಿನ, ಗಾಣದ ರೋಲರು ಕಡೆಯುವಾಗ, ಒರೆಸುವ ಬಟ್ಟೆ ಲೇತಿಗೆ ಸುತ್ತಿಕೊಂಡು ಅವರ ಬಲಗೈಯನ್ನು ಎಳೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರೂ ಹೋದವು. ಅಂತೂ ಬರೆದುಬಿಟ್ಟೆ. ಗಾಯ ಪೂರ್ತಿ ಮಾಗಿದೆ, ಈಗ ನೋವಿಲ್ಲ. ನೀರು ಕುಡಿದು ಮುಂದೆ ಓದು.

ಸಂಕ್ರಾಂತಿಗೆ ಅಣ್ಣ ಬಂದಾಗ ಇವರು ಜ್ವರವೆಂದು ಹೊದ್ದು ಮಲಗಿದ್ದು ಕೈ ಮುಚ್ಚಿಕೊಳ್ಳಲು. ಯಾರಿಗೂ ಹೇಳಕೂಡದೆಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದರು, ಕೊತ್ತತ್ತಿಯ ಅವರ ಮನೆಗೂ ತಿಳಿಸಿರಲಿಲ್ಲ. ಸದಾ ಕೈ ಮೇಲೊಂದು ಟವಲು. ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದರೆ ಮುಗಿಯಿತು, ಊಟಕ್ಕೂ ನನಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಕೆಂಪಯ್ಯನವರು ಮನೆಗೇ ಬಂದು, "ಕೂತ್ಕಂಡ್ ಬಿಲ್ಲಾದ್ರೂ ಬರಿ ಬಾರ್ಲಾ" ಎಂದು ಕರೆದರೂ ಎದ್ದು ಮುಖ ತೋರಿಸಲಿಲ್ಲ. ಲೇತಿನ ಮುಂದೆ ನಿಲ್ಲಲಾಗದ ಮೇಲೆ ಆ ಬಾಗಿಲು ತುಳಿಯುವುದಿಲ್ಲವೆಂದು ಹಟ. ಮೂರು ಬೆರಳು ಹೋದರೆ ಹೋಗಲಿ, ಮನುಷ್ಯನೇ ಕೈಬಿಟ್ಟು ಹೋಗುತ್ತಿದ್ದಾರಲ್ಲ ಎಂದು ನನಗೆ ಜೀವ ಹಾರಿಹೋಗಿತ್ತು ಅವ್ವ.

ಒಂದು ದಿನ ಮೇಷ್ಟ್ರು ಬಂದು ಬಹಳ ಮೆತ್ತಗೆ, "ನೀವು ಮನಸ್ಸಿಗೆ ಹಚ್ಚಿಕೋಬೇಡಿ ಪುಟ್ಟರಾಜು, ಉಳಿದದ್ದನ್ನ ಬೇರೆ ಯಾರ ಕೈಲಾದರೂ ಮಾಡಿಸ್ಕೋತೀನಿ" ಎಂದರು. ಇವರು ಗೋಡೆ ನೋಡಿಕೊಂಡೇ, "ತಗಂಡೋಗಿ ಸಾ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಸಾಮಾನೆಲ್ಲ ಇದ್ದ ಟ್ರಂಕಿನ ಮೇಲೆ ಗಟ್ಟಿಯಾಗಿ ಕೂತು, "ಕೊಡಾಕಿಲ್ಲ, ನಾನೇ ಮಾಡ್ತೀನಿ" ಎಂದುಬಿಟ್ಟೆ. ಮೇಷ್ಟ್ರು ನನ್ನನ್ನೊಮ್ಮೆ, ಇವರ ಬೆನ್ನನ್ನೊಮ್ಮೆ ನೋಡಿ, ಆಗಲಮ್ಮ ಎಂದು ಎದ್ದು ಹೋದರು.

ಹೇಳುವುದೇನೋ ಹೇಳಿದೆ. ಮಾರನೆಯ ದಿನ ಸ್ಟೂಲಿಗೆ ಇವರ ವೈಸು, ಅದೇ ಇಕ್ಕಳದ ಹಾಗೆ ಕಚ್ಚಿ ಹಿಡಿಯುವುದು, ಬಿಗಿದು, ಉಕ್ಕಿನ ಪಟ್ಟಿ ಸಿಕ್ಕಿಸಿ, ಅರ ಹಿಡಿದು ಉಜ್ಜಿದೆ ನೋಡು, ವಠಾರವೆಲ್ಲ ಕಿವಿ ಮುಚ್ಚಿಕೊಂಡಿತು. ಇವರು ಎಷ್ಟು ಹೊತ್ತು ಸಹಿಸಿಕೊಂಡಾರು? ಕಡೆಗೆ ಗೋಡೆಯಿಂದ ತಿರುಗಿ, "ತೆಂಗಿನ್ಕಾಯ್ ತುರೀತಿದ್ದೀಯೇನೆ? ತಳ್ವಾಗ ಒತ್ತು, ಬರ್ವಾಗ ಎತ್ತು!" ಎಂದು ಗದರಿದರು. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೇಕೆಂದೇ ಇನ್ನೂ ಸ್ವಲ್ಪ ತೆಂಗಿನಕಾಯಿ ತುರಿದೆ. ತಡೆಯಲಾರದೆ ಎದ್ದು ಬಂದು ಪಕ್ಕದಲ್ಲಿ ನಿಂತರು.

ಈಗ ಕುಂಕುಮದ ವಿಷಯ. ಪಟ್ಟಿ ಕಣ್ಣಿಗೆ ನೆಟ್ಟಗೆ ಕಂಡರೆ ಸಾಲದಂತೆ. ಎಲ್ಲೋ ಕೂದಲೆಳೆಯಷ್ಟು ಉಬ್ಬಿದ್ದರೂ ಚಾಸಿ ತಿರುಚಿಕೊಂಡು ಒಂದು ಚಕ್ರ ನೆಲ ಬಿಡುತ್ತದಂತೆ. ಆ ಉಬ್ಬನ್ನು ಹಿಡಿಯಲು ವರ್ಕ್‌ಶಾಪಿನಲ್ಲಿ ಒಂದು ನೀಲಿ ಬಣ್ಣವಿದೆ. ಚಪ್ಪಟೆ ಹಾಸಿನ ಮೇಲೆ ಅದನ್ನು ತೆಳ್ಳಗೆ ಸವರಿ ಪಟ್ಟಿಯನ್ನು ಮೆಲ್ಲಗೆ ಆಡಿಸಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಅಷ್ಟನ್ನೇ ಅರದಿಂದ ತೆಗೆಯಬೇಕು. ವರ್ಕ್‌ಶಾಪಿಗೆ ಇವರು ಹೋಗರು, ನನ್ನನ್ನೂ ಕಳಿಸರು. ಸುತ್ತ ನೋಡಿದೆ. ಗೋಡೆಯ ಮೇಲೆ ನೀನು ಮದುವೆಗೆ ಕೊಟ್ಟ ದೊಡ್ಡ ಕನ್ನಡಿ! ಅದಕ್ಕಿಂತ ಚಪ್ಪಟೆಯಾದದ್ದು ಈ ಮನೆಯಲ್ಲಿ ಇನ್ನೇನಿದೆ? ಇಳಿಸಿ ನೆಲಕ್ಕೆ ಮಲಗಿಸಿದೆ. ನಿನ್ನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಅದಕ್ಕೆ ಸವರಿದೆ. ಇವರು, "ಲೇ, ಕುಂಕುಮ ಕಣೆ ಅದು!" ಎಂದು ಹೌಹಾರಿದರು. "ನಿಮ್ಗೋಸ್ಕರ ತಾನೆ ಇಕ್ಕೋದು? ಅಣೇಲಿದ್ರೇನು, ಪಟ್ಟೀಲಿದ್ರೇನು?" ಎಂದೆ. ಒಂದು ಗಳಿಗೆ ನನ್ನನ್ನೇ ನೋಡಿದವರು ನಕ್ಕುಬಿಟ್ಟರು ಅವ್ವ. ಕೈಗೆ ಪೆಟ್ಟಾದ ಮೇಲೆ ಅದೇ ಮೊದಲು ನಕ್ಕದ್ದು. ನಿನ್ನ ಕುಂಕುಮ ದಂಡವಾಯಿತು ಎಂದು ಈಗ ಹೇಳು ನೋಡೋಣ!

ಆಮೇಲೆ ನಮಗೆ ಅದೇ ಕೆಲಸ, ಅದೇ ಮಾತು. ಇವರು ಬಗ್ಗಿ ಕಿರುಬೆರಳಲ್ಲಿ ಇಲ್ಲಿ, ಇಲ್ಲಿ ಎಂದು ತೋರಿಸುವುದು, ನಾನು ಉಜ್ಜುವುದು. ಕನ್ನಡಿ ನೆಲ ಹಿಡಿದಿದ್ದರಿಂದ ನಾನು ಹಣೆಗೆ ಇಟ್ಟುಕೊಳ್ಳುತ್ತಿದ್ದುದು ಸ್ಟೀಲ್ ಡಬ್ಬಿಯ ಮುಚ್ಚಳ ನೋಡಿಕೊಂಡು. ತೂತು ಕೊರೆಯುವಾಗ ಕೈ ಡ್ರಿಲ್ಲು ಓರೆಯಾಗಿ ಒಂದು ಪಟ್ಟಿಯನ್ನು ಪೂರ್ತಿ ಹಾಳು ಮಾಡಿದೆ. ಮತ್ತೆ ಗೋಡೆಗೆ ತಿರುಗುತ್ತಾರೆಂದು ನಾನು ಅಳಲು ಶುರು ಮಾಡಿದರೆ, "ಅದುಕ್ಯಾಕಳ್ತೀಯೆ, ಇನ್ನೊಂದ್ ಕುಯ್ಯಿ" ಎಂದರು. ಕುಯ್ದೆ. ಕೆಟ್ಟುಹೋದ ಗಡಿಯಾರದ ಸ್ಪ್ರಿಂಗಿನಿಂದ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಮಾಡಿದೆವು, ಅಡ್ಡಪಟ್ಟಿ ಇಟ್ಟು ರಿವೆಟ್ ಬಡಿದೆವು. ಮೈಯುದ್ದಕ್ಕೂ ಕುಂಕುಮ ಒಂದೇ ಸಮ ಹತ್ತಿದ ದಿನ, ಇವರು ಚಾಸಿಯನ್ನು ಕನ್ನಡಿಯ ಮೇಲಿಟ್ಟು ನಾಲ್ಕು ಮೂಲೆಯನ್ನೂ ಒತ್ತಿ ನೋಡಿದರು. ಇಷ್ಟೂ ಅಲುಗಲಿಲ್ಲ. "ಪಾಸು" ಎಂದರು. ಎಸ್.ಎಸ್.ಎಲ್.ಸಿ.ಯಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಆಗ ಗಣಿತದಲ್ಲಿ ನಪಾಸಾಗಿದ್ದೆ ಬಿಡು.

ಆದರೆ ಇದೆಲ್ಲ ನಾವಿಬ್ಬರೇ ಇದ್ದಾಗ. ಹೊರಗಿನ ಒಂದು ಹೆಜ್ಜೆಯ ಸಪ್ಪಳವಾದರೆ ಸಾಕು, ಟವಲು ಬಂದು ಕೈ ಮೇಲೆ ಕೂರುತ್ತಿತ್ತು. ಮೇಷ್ಟ್ರು ಮೋಟಾರು, ಬ್ಯಾಟರಿ, ರೇಡಿಯೊ ಎಲ್ಲ ಕೂರಿಸಿದರು. ಅವರ ಕೈಪೆಟ್ಟಿಗೆಯಲ್ಲಿ ಎರಡು ಕಡ್ಡಿಗಳಿವೆ: ಎಡಗಡೆಯದು ಹಿಂದೆ ಮುಂದೆ ಓಡಿಸಲು, ಬಲಗಡೆಯದು ತಿರುಗಿಸಲು. ಬಲಗಡೆಯ ಕಡ್ಡಿಯ ತುದಿಗೆ ಮಾತ್ರ ಬುಗುರಿಯಷ್ಟು ದಪ್ಪ ಮರದ ಗುಂಡು ಹಾಕಿದ್ದರು. ಹೆಬ್ಬೆರಳು ಕಿರುಬೆರಳ ನಡುವೆ ಸರಿಯಾಗಿ ಕೂರುವಂಥದ್ದು. ಇವರು ಅದನ್ನು ನೋಡಿ ಟವಲನ್ನು ಇನ್ನೊಂದು ಸುತ್ತು ಬಿಗಿದುಕೊಂಡು, "ನೀವೇ ಓಡ್ಸಿ ಸಾ" ಎಂದರು.

ಪ್ರದರ್ಶನ ಮೊನ್ನೆ ಭಾನುವಾರ ಆಯಿತು. ಕಾಲೇಜಿನ ಹಾಲಿನಲ್ಲಿ ಜನವೋ ಜನ. ಕೆಂಪಯ್ಯನವರೂ ಬಂದಿದ್ದರು. ಇವರಿಗೆ ಗೊತ್ತಾಗದ ಹಾಗೆ ನಾನೇ ಹೋಗಿ ಕರೆದಿದ್ದೆ, ಅದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಇವರು ಹಿಂದುಗಡೆ ಕಿಟಕಿಗೆ ಒರಗಿ ನಿಂತಿದ್ದರು. ಲಾರಿ ನೆಲದ ಮೇಲೆ ಗುರ್ರೆಂದು ಓಡಿತು, ಬಳುಕಿ ತಿರುಗಿತು. ಚಪ್ಪಾಳೆ! ಅಷ್ಟರಲ್ಲಿ ಯಾರೋ, "ಮಂಡ್ಯದ್ ಲಾರಿ ಅಂದ್ಮೇಲೆ ಕಬ್ಬಿಲ್ದೆ ಇದ್ದಾತಾ ಸಾ?" ಎಂದು ಕೂಗಿದರು. ಮೇಷ್ಟ್ರು ಉಮೇದಿನಲ್ಲಿ ಕಬ್ಬಿನ ತುಂಡುಗಳನ್ನು ನಮ್ಮ ಕಡೆಯ ಲಾರಿಗಳ ಹಾಗೇ ಹಿಂದಕ್ಕೆ ಉದ್ದ ಚಾಚಿಕೊಂಡು ಹೇರಿ, ನೆಲದಿಂದ ಮೇಜಿಗೆ ಓರೆಯಾಗಿ ಇಟ್ಟಿದ್ದ ಹಲಗೆಯ ಏರಿಗೆ ಬಿಟ್ಟರು. ಅರ್ಧ ಹತ್ತುವುದರೊಳಗೆ ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರಗಳು ಎದ್ದು ನಿಂತವು. ನೆಲವನ್ನೇ ಮುಟ್ಟದ ಚಕ್ರ ಲಾರಿಯನ್ನು ತಿರುಗಿಸುವುದು ಹೇಗೆ? ಮೇಷ್ಟ್ರು ಗುಂಡು ತಿರುಗಿಸಿದಷ್ಟೂ ಲಾರಿ ಅಂಚಿನ ಕಡೆಗೇ ವಾಲಿತು. ನಾನು ಕಣ್ಣು ಮುಚ್ಚಿಕೊಂಡೆ.

"ಬುಡಿ ಸಾ ಇತ್ಲಾಗೆ!" ಎಂದು ಕೂಗು ಕೇಳಿ ಕಣ್ಣು ಬಿಟ್ಟರೆ ಇವರು! ಜನರನ್ನು ಸೀಳಿಕೊಂಡು ಬಂದು ಎರಡೂ ಕೈಲಿ ಪೆಟ್ಟಿಗೆ ಕಿತ್ತುಕೊಂಡಿದ್ದರು. ಎಡಗೈಲಿ ಓಟ ನಿಲ್ಲಿಸಿದರು. ಮುಂದಿನ ಚಕ್ರ ದಪ್ಪೆಂದು ಹಲಗೆಗೆ ಕೂತ ತಕ್ಷಣ ಬಲಗೈಲಿ ಗುಂಡು ತಿರುಗಿಸಿ ಹಿಂದಕ್ಕೆ ತಂದರು. "ಯಸೋದೆ, ಜಲ್ಲೆಯ ಮುಂದುಕ್ ಜರುಗ್ಸೆ!" ಎಂದು ಅಷ್ಟು ಜನರ ನಡುವೆ ನನ್ನ ಹೆಸರು ಹಿಡಿದು ಕೂಗಿದರು. ನಾನು ಸೆರಗು ಸಿಕ್ಕಿಸಿಕೊಂಡು ಓಡಿ, ಕಬ್ಬನ್ನು ಮುಂದಕ್ಕೆ ಜರುಗಿಸಿ ಕಟ್ಟಿದೆ. ಲಾರಿ ಹತ್ತಿತು! ಮೇಜಿನ ಮೇಲೆ ತಿರುಗಿ, ಗತ್ತಿನಿಂದ ಇಳಿದು ಬಂತು. ಜನ ಕೇಕೆ ಹಾಕುತ್ತಿದ್ದರು. ನಾನು ಲಾರಿಯನ್ನು ಸರಿಯಾಗಿ ನೋಡಲೇ ಇಲ್ಲ ಅವ್ವ. ಟವಲು ಎಲ್ಲೋ ನೆಲಕ್ಕೆ ಬಿದ್ದು ಜನರ ಕಾಲಡಿ ಇತ್ತು. ಅಷ್ಟು ಜನರ ಕಣ್ಣೆದುರಿಗೆ ಆ ಕೈ ಕೆಲಸ ಮಾಡುತ್ತಿತ್ತು, ಇವರಿಗೆ ಅದರ ನೆನಪೇ ಇರಲಿಲ್ಲ.

ಕೆಂಪಯ್ಯನವರು ಲಾರಿಯನ್ನು ಎತ್ತಿ ಬೋರಲು ಹಾಕಿ, ಚಾಸಿಯ ಮೇಲೆ ಬೆರಳಾಡಿಸಿ, "ಇದ್ಯಾರ ಅರ ಕಣ್ಲಾ?" ಎಂದರು. ಇವರು ನನ್ನ ಕಡೆ ತೋರಿಸಿ, "ನಮ್ಮೋಳ್ದು" ಎಂದರು. "ನೀನೇನೂ ಕೈ ಇಕ್ಕನಿಲ್ವಾ?" ಎಂದರೆ, "ಬರೀ ಬಾಯ್ ಇಕ್ಕಿದ್ದು" ಎಂದರು. ಕೆಂಪಯ್ಯನವರು ಹೊಟ್ಟೆ ಕುಣಿಸಿಕೊಂಡು ನಕ್ಕು, "ಅಂಗಾದ್ರೆ ಆ ಬಾಯ ನಾಳೀಕೆ ಶಾಪಿಗ್ ತಕ್ಕಂಬಾ. ಹೊಸಬ್ರು ಸೇರವ್ರೆ, ಒಬ್ಬುನ್ಗೂ ನೆಟ್ಟಗ್ ಅರ ಇಡ್ಯಾಕ್ ಬರಾಕಿಲ್ಲ. ಯೋಳ್ಕೊಡು" ಎಂದರು. ಇವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ನಿನ್ನೆ ಬೆಳಿಗ್ಗೆ ಎದ್ದವರೇ ಖಾಕಿ ಅಂಗಿ ಎಲ್ಲಿ ಎಂದು ಕೇಳಿದರು! ಊಟದ ಕ್ಯಾರಿಯರನ್ನು ಬಲಗೈಗೇ ತಗುಲಿಸಿಕೊಂಡು ಹೊಸಿಲು ದಾಟಿದವರು ತಿರುಗಿ ಬಂದು, "ಕುಂಕುಮ ಒಸಿ ಪೊಟ್ಣ ಕಟ್ಟು" ಎಂದರು. ಅಲ್ಲಿ ನೀಲಿ ಬಣ್ಣವಿಲ್ಲವೇ ಎಂದರೆ, "ಇದೇ ಚೆನ್ನಾಗ್ ಕಾಣ್ತದೆ ಬುಡು" ಎಂದರು. ನಾನು ಕನ್ನಡಿಯನ್ನು ತೊಳೆದು ಗೋಡೆಗೆ ತೂಗುಹಾಕಿ, ಅದರ ಮುಂದೆ ಕೂತು ಮನಸಾರೆ ಅತ್ತೆ. ಸಂತೋಷಕ್ಕೆ ಅತ್ತದ್ದು, ಗಾಬರಿಯಾಗಬೇಡ.

ಆದ್ದರಿಂದ ಕುಂಕುಮ ಈ ಸಲ ಸೇರಿನಲ್ಲಿ ಅಳೆದು ತಾ. ಹೌದು, ಕಳಿಸುವುದಲ್ಲ, ಶಿವರಾತ್ರಿಗೆ ನೀನೇ ತೆಗೆದುಕೊಂಡು ಬಾ. ಅಳುವುದಿದ್ದರೆ ಬಸ್ಸಿನಲ್ಲೇ ಅತ್ತು ಮುಗಿಸಿ ಬಾ. ಇವರ ಮುಂದೆ ಅತ್ತೀಯೆ, ಜೋಕೆ!

ನಿನ್ನ ಮಗಳು,
ಯಶೋದ

ವಿ.ಸೂ.: ವಿಳಾಸ ಬರೆದದ್ದು ನಿನ್ನ ಅಳಿಯ, ಬಲಗೈಯಲ್ಲೇ. ನಾನು ಬರೆಯುತ್ತೇನೆಂದರೂ ಬಿಡದೆ, ಹೆಬ್ಬೆರಳು ಕಿರುಬೆರಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ನಾಲಿಗೆ ಕಚ್ಚಿಕೊಂಡು, ಕೆಲವು ಕವರು ಹಾಳು ಮಾಡಿ ಇದೊಂದನ್ನು ಪಾಸು ಮಾಡಿದರು. "ಇದು ಆತಗೂರ್ಗೆ ಮುಟ್ಟಾಕಿಲ್ಲ ಕಣೆ" ಎಂದು ಈಗಲೂ ಗೊಣಗುತ್ತಿದ್ದಾರೆ. ಮುಟ್ಟಿದೆ ತಾನೆ? ಮುಟ್ಟಿತು ಎಂದು ಒಂದು ಕಾರ್ಡು ಹಾಕು ಅವ್ವ. ನನಗಲ್ಲ, ಅವರ ಹೆಸರಿಗೆ.